ದಕ್ಷನ ತಲೆ

ಹೊಸ ಇನ್‌ಸ್ಪೆಕ್ಟರ್ ಬಂದ ಮೇಲೆ ನಮ್ಮೂರಲ್ಲಿ ಬಾಯಿ ಬಿಟ್ಟು ಹಾಡಲಿಕ್ಕೂ ಹೆದರಿಕೆ. ಮದುವೆ ಮೆರವಣಿಗೆಯೊಂದರಲ್ಲಿ ಪಕ್ಕದ ಓಣಿಯವರ ಹೆಸರು ಹಿಡಿದು 'ಕಡಿತೀವಿ' ಅಂತ ಡಿಜೆ ಹಾಡು ಹಾಕಿದರು, ಒಬ್ಬನಿಗೆ ಚಾಕು ಬಿತ್ತು. ಅಂದಿನಿಂದ ಸಾಹೇಬರ ಆಜ್ಞೆ: "ಯಾವ ಹಾಡಿನಲ್ಲೇ ಆಗಲಿ, ಕಡಿ, ಕೊಲ್ಲು ಅಂತ ಬಂದರೆ ಲಾಕಪ್ಪು!" ಹಾಡಿನಲ್ಲಿ 'ಕೊಲ್ಲು' ಬಂತೆಂದು ಭಜನೆಯವರನ್ನೂ ಎಳೆದೊಯ್ದರು.

ಅಂಥ ಸಾಹೇಬರ ಮನೆಯಲ್ಲೇ ಗೃಹಪ್ರವೇಶ. ಮನೆದೇವರು ವೀರಭದ್ರ. ಒಡಪು ಹೇಳಲು, ಖಡ್ಗ ಹಿಡಿದು ವೀರಭದ್ರನ ಕುಣಿತ ಕುಣಿಯುವ ಪುರವಂತ ಗದಿಗೆಯ್ಯನಿಗೆ ಕರೆ ಬಂತು. ಒಡಪೆಂದರೆ ವೀರಭದ್ರ ದಕ್ಷನ ತಲೆ ಕಡಿದ ಕಥೆ. ಹೇಳಿದರೆ ಲಾಕಪ್ಪು, ಹೇಳದಿದ್ದರೆ ದೇವರ ಸಿಟ್ಟು. ಗದಿಗೆಯ್ಯ ಖಡ್ಗ ಎತ್ತಿ ಶುರು ಮಾಡಿದ.

"ಆಹಾ ರುದ್ರಾ! ವೀರಭದ್ರ ಕೆಂಡಗಣ್ಣು ಬಿಟ್ಟ, ಖಡ್ಗ ಹಿರಿದ, ದಕ್ಷನ ಎದುರು ನಿಂತ..." ಜೊತೆಗಿದ್ದ ಸಂಬಾಳ ವಾದ್ಯದ ಬಡಿತ ಗಕ್ಕನೆ ನಿಂತಿತು. "...ನಮಸ್ಕಾರ ಮಾಡಿ, ಉಂಡು ಹೋದ."

ಸಾಹೇಬರ ತಾಯಿ ನೀಲವ್ವನ ಮುಖ ಬಿಳಿಚಿತು. "ಅಯ್ಯೋ ನಮ್ಮಪ್ಪಾ, ಎಬ್ಬಿಸಿದ ದೇವರನ್ನ ಶಾಂತ ಮಾಡದೇ ಹೊಸ ಮನ್ಯಾಗ ಬಿಟ್ಟು ಹೊಂಟಿಯಲ್ಲೋ! ದಕ್ಷನ ತಲಿ ಬೀಳದೇ ಆತನ ಸಿಟ್ಟು ಇಳೀತೈತೇನು?"

"ಆಜ್ಞೆ ನಿಮ್ಮ ಮಗಂದು, ಯವ್ವಾ."

ಅಷ್ಟರಲ್ಲಿ ಗಾಳಿ ಬೀಸಿ ದೇವರ ಮುಂದಿನ ದೀಪ ಆರಿತು. ಸಾಹೇಬರು ದಡಕ್ಕನೆ ಎದ್ದರು. "ಕಡಿಯೋ! ಲಗೂನ ತಲಿ ಕಡಿ!" ಅಂತ ಚೀರಿದರು.

ಗದಿಗೆಯ್ಯ ಕೈಮುಗಿದ. "ಕಡೀತೀನ್ರಿ. ಆದ್ರ ಆ ಮಾತು ಮೊದಲು ಅಂದವರು ನೀವು. ಲಾಕಪ್ಪಿಗೆ ನೀವು ಮುಂದ ನಡೀರಿ, ನಾ ಹಿಂದ ಬರ್ತೀನಿ."

"ನಾ ಹಿಡಿಯೂದು ಓಣಿಯವರ ತಲಿ ಕೇಳೂ ಹಾಡನ್ನಷ್ಟ! ದಕ್ಷನ ತಲಿ ನಿಂದ, ತಗೊಳ್ಳೋ ಮಾರಾಯ!"

ಸಂಬಾಳ ಗುಡುಗಿತು.