ಹುಂಜದ ಕ್ಷೌರ

ಕಾಡುಬೆಕ್ಕಿನ ಬಾಯಿಂದ ಹೇಗೋ ತಪ್ಪಿಸಿಕೊಂಡು ಬಂದ ಹುಂಜಕ್ಕೆ ಬಾಲದಲ್ಲಿ ಒಂದು ಪುಕ್ಕವೂ ಉಳಿದಿರಲಿಲ್ಲ.

"ಇದೇನು ಯಜಮಾನರೇ, ಬಾಲವೆಲ್ಲಿ?" ಎಂದು ಹೇಂಟೆ ಗಾಬರಿಯಿಂದ ಕೇಳಿತು.

"ಸೆಕೆ ನೋಡು. ಬೆಕ್ಕಿಗೆ ಹೇಳಿ ಕ್ಷೌರ ಮಾಡಿಸಿಕೊಂಡೆ," ಎಂದಿತು ಹುಂಜ.

"ಒಪ್ಪುತ್ತದೆ," ಎಂದಿತು ಹೇಂಟೆ.

ಮರುದಿನ ಬೆಳಿಗ್ಗೆ ಬೆಕ್ಕು ಅಂಗಳಕ್ಕೇ ಬಂದು ಹುಂಜದ ಕತ್ತು ಹಿಡಿಯಿತು.

"ಅಯ್ಯೋ, ಯಾರಾದ್ರೂ ಬಿಡಿಸ್ರೋ!" ಎಂದು ಹುಂಜ ಕಿರುಚಿತು.

ಬೇಲಿಯ ಪಕ್ಕ ಮಲಗಿದ್ದ ನಾಯಿ ಬೊಗಳುತ್ತ ಎದ್ದಿತು. ಹೇಂಟೆ ಅದಕ್ಕೆ ಅಡ್ಡ ನಿಂತಿತು.

"ಸುಮ್ಮನಿರಪ್ಪ. ಯಜಮಾನರು ಕ್ಷೌರಕ್ಕೆ ಕೂತಿದ್ದಾರೆ. ಸ್ನಾನ ಆಗುವವರೆಗೆ ಅವರನ್ನು ಯಾರೂ ಮುಟ್ಟಬಾರದು."

ನಾಯಿ ಮತ್ತೆ ಮಲಗಿತು. ಬೆಕ್ಕು ಹುಂಜವನ್ನು ಕಚ್ಚಿಕೊಂಡು ಬೇಲಿ ದಾಟಿತು. ಹೇಂಟೆ ಸ್ನಾನಕ್ಕೆ ನೀರು ಕಾಯಿಸಿಟ್ಟು ಮಧ್ಯಾಹ್ನದವರೆಗೂ ಕಾದಿತು.