ಸೊಸೆಯ ತೋಳಿನ ನೀಲಿ ಕಲೆ

ಇನ್ನೊಂಚೂರು ಹತ್ತಿರ ಬನ್ನಿ, ಜೋರಾಗಿ ಹೇಳುವ ಮಾತಲ್ಲ ಇದು. ಯಾರು ಹೇಳಿದರು ಅಂತ ಕೇಳಿದರೆ ಗಾಳಿ ಹೇಳಿತು ಅನ್ನಿ. ಈ ಜಗುಲಿ ದಾಟಬಾರದು, ನಿಮ್ಮಮ್ಮನ ಮೇಲಾಣೆ!

ಊರಿನ ಹೆಸರು ಬೇಡ. ಅಲ್ಲಿ ನೀಲಾಂಬಿಕೆ ಅಂತ ದೊಡ್ಡ ಡಾಕ್ಟರಮ್ಮ ಇದ್ದಳು. ಮಾತ್ರೆ ಕೊಡುವ ಡಾಕ್ಟರಲ್ಲ, ರಕ್ತ ಪರೀಕ್ಷೆ ಮಾಡಿ ರೋಗ ಹುಡುಕುವವಳು. ನಮ್ಮ ರಕ್ತದಲ್ಲಿ ಪ್ಲೇಟ್‌ಲೆಟ್ ಅಂತ ಪುಡಿಪುಡಿ ಕಣಗಳಿರುತ್ತವಂತೆ. ಎಲ್ಲಾದರೂ ಕೊಯ್ದುಕೊಂಡರೆ ಅವು ಓಡಿ ಬಂದು, ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುತ್ತವಂತೆ. ಅವು ಕಮ್ಮಿಯಾದರೆ, ಇಲ್ಲವೇ ಸೋಮಾರಿಯಾದರೆ, ಸುಮ್ಮನೆ ತಾಗಿದಲ್ಲೂ ಮೈ ನೀಲಿಗಟ್ಟುತ್ತದೆ. ಈಕೆ ತಲೆ ನೆರೆಯುವವರೆಗೂ ಅದನ್ನೇ ಓದಿದಳು. ಮೈಮೇಲೆ ಕಲೆ ಬಿದ್ದ ಕೂಸುಗಳನ್ನು ಎಲ್ಲೆಲ್ಲಿಂದಲೋ ಎತ್ತಿಕೊಂಡು ಬರುತ್ತಿದ್ದರು. ಈಕೆ ಹೇಳಿದ್ದು ತಪ್ಪುತ್ತಿರಲಿಲ್ಲ. ಅದೇ ಆಕೆಯ ತಲೆಗೇರಿತ್ತು.

ಒಬ್ಬನೇ ಮಗ, ಮಹಾಂತೇಶ. ಮಾತು ಬೆಣ್ಣೆಯಂಥದ್ದು. ಸೊಸೆ ಚಂದ್ರಕಲಾ ಬಂದ ವರ್ಷವೇ ಅವಳ ತೋಳಿನ ಮೇಲೆ ನೀಲಿ ಕಲೆ ಕಾಣಿಸಿತು.

"ಏನೇ ಇದು?"

"ಬಾಗಿಲು ಬಡೀತು, ಅತ್ತೆ." ಹುಡುಗಿ ಗಂಡನ ಕಡೆ ನೋಡಿಕೊಂಡು ಹೇಳಿದಳು.

ಬೇರೆ ಯಾವ ಅತ್ತೆಯಾದರೂ ಆ ನೋಟ ಹಿಡಿಯುತ್ತಿದ್ದಳು. ಈಕೆ ಕಲೆಯನ್ನಷ್ಟೇ ನೋಡಿದಳು. "ಬಾಗಿಲು ಬಡಿದರೆ ಇಷ್ಟು ನೀಲಿಯಾಗಲ್ಲ. ರಕ್ತದ ದೋಷ ಇದು," ಅಂದು ಸೂಜಿ ತಂದಳು.

ಪ್ಲೇಟ್‌ಲೆಟ್ ಎಣಿಸಿದಳು, ಸರಿಯಾಗಿತ್ತು. ಅಂಟುವುದಿಲ್ಲವೇನೋ ಅಂತ ಅಂಟಿಸಿ ನೋಡಿದಳು, ಚೆನ್ನಾಗೇ ಅಂಟಿದವು. ಬುದ್ಧಿ ಇದ್ದವರು ಅಲ್ಲಿಗೆ ನಿಲ್ಲಿಸಿ ಹುಡುಗಿಯ ಮುಖ ನೋಡುತ್ತಿದ್ದರು. ಈಕೆ ಹಿಗ್ಗಿ ಹೀರೇಕಾಯಾದಳು. ಯಾರಿಗೂ ಗೊತ್ತಿಲ್ಲದ ಹೊಸ ರೋಗ ಸಿಕ್ಕಿತಲ್ಲ! ಡಾಕ್ಟರುಗಳ ದೊಡ್ಡ ಸಭೆಯಲ್ಲಿ ಆ ತೋಳನ್ನು ಪರದೆಯ ಮೇಲೆ ತೋರಿಸಿ ಭಾಷಣ ಮಾಡಿದಳು. ಮನೆ ಸೊಸೆಯ ತೋಳು, ಕಂಡಕಂಡ ಗಂಡಸರ ಮುಂದೆ! ಚಪ್ಪಾಳೆಯೋ ಚಪ್ಪಾಳೆ.

ಹುಡುಗಿಯ ಅಪ್ಪ ಅಮ್ಮ ಓಡಿಬಂದರು. ರಕ್ತದ ರೋಗ ಅಂತ ಕೇಳಿ, ದೋಷ ಇದ್ದ ಮಗಳನ್ನು ಕೊಟ್ಟೆವು, ತಪ್ಪಾಯಿತು ಅಂತ ಬೀಗರಿಗೆ ಕೈಮುಗಿದು ಹೋದರು. ಮಗನಿಗಂತೂ ಅಮ್ಮನ ಮಾತೇ ರಕ್ಷೆ. ಯಾರು ಕೇಳಿದರೂ "ಅವಳ ರಕ್ತವೇ ಹಾಗೆ" ಅಂದರೆ ಮುಗಿಯಿತು.

ಒಂದು ದಿನ ರಕ್ತ ತೆಗೆಯುವಾಗ ಚಂದ್ರಕಲಾ ಮೆಲ್ಲಗೆ ಅಂದಳು, "ಅತ್ತೆ, ನನ್ನ ರಕ್ತದಲ್ಲಿ ನಿಮಗೆ ಏನೂ ಸಿಗಲ್ಲ. ನನ್ನನ್ನು ತವರಿಗೆ ಕಳಿಸಿಬಿಡಿ."

"ಕೈ ಅಲ್ಲಾಡಿಸಬೇಡ, ಸೂಜಿ ತಪ್ಪುತ್ತೆ," ಅಂದಳು ಅತ್ತೆ.

ಮುಂದಿನ ಶ್ರಾವಣಕ್ಕೆ ಆ ಹುಡುಗಿ ಇರಲಿಲ್ಲ. ಮೆಟ್ಟಿಲಿಂದ ಬಿದ್ದು ಸತ್ತಳು ಅಂದ ಮಗ. ಹೆಣದ ಮೇಲಿನ ಬಟ್ಟೆ ಸರಿಸಿದಾಗ ನೀಲಾಂಬಿಕೆಗೆ ಕತ್ತು ಕಂಡಿತು. ಒಂದು ಪಕ್ಕ ಸಾಲಾಗಿ ನಾಲ್ಕು ಕಲೆ, ಇನ್ನೊಂದು ಪಕ್ಕ ಒಂದು. ಕತ್ತು ಹಿಸುಕಿದ ಬೆರಳಿನ ಗುರುತು! ಅಂಥ ಕಲೆ ಮಾಡುವ ರೋಗ ಯಾವುದೂ ಇಲ್ಲ ಅಂತ ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಕೊಲೆ ಕೇಸಾಯಿತು. ಕೋರ್ಟಿನಲ್ಲಿ ಹೆತ್ತ ಮಗನ ಎದುರೇ ನಿಂತು ನಿಜ ಹೇಳಿದಳು. ಮಗನ ಲಾಯರು ಆಕೆಯದೇ ಭಾಷಣ ಓದಿ ನಕ್ಕ. "ಮುಟ್ಟಿದರೆ ನೀಲಿಯಾಗುವ ರೋಗ ಅಂದವರು ನೀವೇ ಅಲ್ಲವೇ, ಮೇಡಂ?"

"ತಪ್ಪು ಹೇಳಿದ್ದೆ," ಅಂದಳು.

ಅಷ್ಟು ದೊಡ್ಡ ಡಾಕ್ಟರು ತಪ್ಪು ಹೇಳಿರುತ್ತಾಳೆ ಅಂತ ಯಾರೂ ನಂಬಲಿಲ್ಲ. ಮಗ ಬಿಡುಗಡೆಯಾದ. ಈಗ ಇನ್ನೊಂದು ಹೆಣ್ಣು ನೋಡುತ್ತಿದ್ದಾನಂತೆ!

ತೀರ್ಪಾದ ಮೇಲೆ ಪಕ್ಕದ ಮನೆ ಹೇಮವ್ವ ಗೇಟಿನ ಹತ್ತಿರ ಸಿಕ್ಕಳು. "ಎಷ್ಟೊಂದು ಪರೀಕ್ಷೆ ಮಾಡಿದೆ ಹೇಮವ್ವ, ಒಂದರಲ್ಲೂ ಗೊತ್ತಾಗಲಿಲ್ಲ," ಅಂತ ನೀಲಾಂಬಿಕೆ ಅತ್ತಳು.

ಹೇಮವ್ವ ಮುಖಕ್ಕೆ ಹೊಡೆದ ಹಾಗೆ ಅಂದಳು: "ಆ ತೋಳು ಅಷ್ಟು ಸಲ ಹಿಡಿದಿರಲ್ಲ ಡಾಕ್ಟರಮ್ಮ, ಒಂದು ಸಲವಾದರೂ 'ಯಾರೇ ಹೊಡೆದದ್ದು' ಅಂತ ಕೇಳಿದಿರಾ?"

ನೀತಿ: ಗಾಯ ಕಂಡರೆ ಮೊದಲು ಗಾಯವಾದವರ ಮಾತು ಕೇಳಬೇಕು, ಪರೀಕ್ಷೆ ಆಮೇಲೆ. ನಮ್ಮವರ ಮೇಲೆ ಅನುಮಾನವೇ ಪಡದ ಜಾಣತನ, ಕೊಲ್ಲುವವನಿಗೆ ಕಾವಲು ನಿಲ್ಲುತ್ತದೆ.