ನೀಲಿ ಕಲ್ಲಿನ ಬೆನ್ನು

"ಗುರುಗಳೇ, ತೀರಿಹೋದವರ ನೆನಪಿನಲ್ಲಿ ಚೆಂದದ್ದನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟುಬಿಟ್ಟರೆ ತಪ್ಪೇ?"

ಹೀಗೆ ಕೇಳಿದವನು ನಾನೇ. ತಪ್ಪಲ್ಲ ಎನ್ನುತ್ತಾರೆಂದು ಗೊತ್ತಿದ್ದೇ ಕೇಳಿದ್ದೆ. ನಮ್ಮ ಹೋಬಳಿಯಲ್ಲಿ ನನ್ನ ಹಾಗೆ ಬರೆಯುವವನು ಇನ್ನೊಬ್ಬನಿಲ್ಲ. ಇದು ಜಂಬವಲ್ಲ, ಯಾರನ್ನು ಬೇಕಾದರೂ ಕೇಳಿ. ಹೋದ ವರ್ಷ ತೀರಿಕೊಂಡ ನಮ್ಮಜ್ಜನ ಮೇಲೆ ನೂರಿಪ್ಪತ್ತು ಪುಟ ಬರೆದು ಮುಗಿಸಿದ್ದೆ. ಅದರಲ್ಲಿ ಅಜ್ಜ ಗೆದ್ದ ಕುಸ್ತಿಗಳಿದ್ದವು, ಅಜ್ಜ ತೋಡಿಸಿದ ಬಾವಿಯಿತ್ತು. ಅಜ್ಜನ ಒರಟು ಬಾಯಿ ಮಾತ್ರ ಇರಲಿಲ್ಲ. ಅವನ ಬೈಗುಳಗಳನ್ನು ಒಂದೊಂದಾಗಿ ಹುಡುಕಿ ನಾನೇ ಹೊಡೆದು ಹಾಕಿದ್ದೆ. ಬರೆದದ್ದನ್ನು ಗುರುಗಳ ಮುಂದಿಟ್ಟು ಹೊಗಳಿಕೆಗೆ ಕಾದು ಕೂತೆ.

ಗುರುಗಳು ಪುಟಗಳನ್ನು ತಿರುವಿ ನೋಡಿ ಕೆಳಗಿಟ್ಟರು. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಗೆ ಗಣಿಗಳ ಬಣ್ಣದ ಕಲ್ಲು ಕೂಡಿಡುವ ಹುಚ್ಚಿತ್ತು. ಹೆಸರಾದ ಗಣಿ ಎಲ್ಲಿದ್ದರೂ ಹೋಗಿ ತರುತ್ತಿದ್ದ. ಎಲೆಹಸಿರು ಕಲ್ಲು, ನೇರಳೆ ಸ್ಫಟಿಕ, ಚಿನ್ನವೆಂದು ಮೋಸ ಮಾಡುವ ಹಳದಿ ಹರಳು, ಎಲ್ಲಕ್ಕೂ ಅವನ ಗಾಜಿನ ಕಪಾಟಿನಲ್ಲಿ ಜಾಗವಿತ್ತು. ಒಂದೊಂದರ ಕೆಳಗೂ ಅದು ಸಿಕ್ಕಿದ ಗಣಿಯ ಹೆಸರಿನ ಚೀಟಿ.

ಒಂದು ದಿನ ತಾಮ್ರದ ಗಣಿಯಲ್ಲಿ ದುಡಿದ ಮುದುಕನೊಬ್ಬ ಬಂದ. ಗೋಣಿಚೀಲದಿಂದ ಒಂದು ಕಲ್ಲು ತೆಗೆದ. ಬೂದು ಬಂಡೆಯ ಚೂರಿನ ಮೇಲೆ ನವಿಲಿನ ಕತ್ತಿನಂಥ ನೀಲಿ ಹರಳುಗಳು. ಅಂಥದ್ದು ವ್ಯಾಪಾರಿಯ ಬಳಿ ಇರಲಿಲ್ಲ. ಬೆಲೆ ಕೇಳಿದ.

"ಮಾರೋಕಲ್ಲ ಸಾವ್ಕಾರ್ರೇ. ಮನೇಲಿ ಮೊಮ್ಮಕ್ಕಳು ಒಡೆದು ಹಾಕ್ತವೆ. ನಿಮ್ಮ ಹತ್ರ ಜೋಪಾನವಾಗಿರಲಿ. ವರ್ಷಕ್ಕೊಂದ್ಸಲ ಬಂದು ನೋಡ್ಕೊಂಡು ಹೋಗ್ತೀನಿ."

ಪ್ರತಿವರ್ಷ ಆಯುಧಪೂಜೆಯ ದಿನ ಮುದುಕ ತಪ್ಪದೆ ಬಂದ. ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಬಂಡೆಯ ಹಿಂಬದಿಯ ಒಂದು ತಗ್ಗಿಗೆ ಹೆಬ್ಬೆರಳು ಒತ್ತಿ, ಕಣ್ಣು ಮುಚ್ಚಿ ಕೂರುತ್ತಿದ್ದ. ತನ್ನಷ್ಟಕ್ಕೆ ನಗುತ್ತಿದ್ದ. ಎದ್ದು ಹೋಗುತ್ತಿದ್ದ. ಹರಳಿನ ಮೋಹ ಎಂದುಕೊಂಡ ವ್ಯಾಪಾರಿ.

ಆಮೇಲೆ ಆ ಗಣಿ ಮುಚ್ಚಿತು. ಒಳಗೆಲ್ಲ ನೀರು ತುಂಬಿತು. ಅಲ್ಲಿಯ ಕಲ್ಲು ಇನ್ನು ಯಾರಿಗೂ ಸಿಗುವಂತಿರಲಿಲ್ಲ. ಈ ಸಲ ಮುದುಕ ಬಂದಾಗ ಹಿಗ್ಗಿಹೋಗಬೇಕು ಎಂದು ವ್ಯಾಪಾರಿ ಬೂದು ಬಂಡೆಯನ್ನು ಕೊಯ್ಯಿಸಿ ತೆಗೆಸಿದ. ಹಿಂಬದಿಗೆ ಹೊಳಪು ಕೊಡಿಸಿದ. ಬರೀ ನೀಲಿ ಉಳಿಯಿತು. ಕೊಯ್ದ ಚೂರುಗಳು ರಸ್ತೆಯ ಜಲ್ಲಿಗೆ ಸೇರಿದವು.

ಮುದುಕ ಬಂದ. ಕಲ್ಲು ಕೈಗೆ ತೆಗೆದುಕೊಂಡ. ಅವನ ಹೆಬ್ಬೆರಳು ಹಿಂಬದಿಯಲ್ಲಿ ಹುಡುಕಿತು. ಮತ್ತೆ ಹುಡುಕಿತು.

"ಇದರ ಬೆನ್ನೆಲ್ಲಿ?"

"ಆ ದಂಡದ ಭಾರ ಯಾಕೆ ಯಜಮಾನ? ತೆಗೆಸಿಬಿಟ್ಟೆ. ಈಗ ನೋಡು, ನೀಲಿ ಹೆಂಗೆ ಕಣ್ಣಿಗೆ ಹೊಡೀತದೆ!"

"ನೀಲಿ ಭೂಮಿತಾಯಿದು ಸಾವ್ಕಾರ್ರೇ. ಬೆನ್ನಲ್ಲಿದ್ದ ಸೊಟ್ಟ ತೂತು ನನ್ನ ಜೊತೆ ಗಣೀಲಿ ದುಡೀತಿದ್ದ ಸಣ್ಣೀರಂದು. ಸಿಡಿಮದ್ದು ತುಂಬೋ ತೂತಿಗೆ ಅವನು ಉಳಿ ಹಿಡೀತಿದ್ದ, ನಾನು ಸುತ್ತಿಗೆ ಹೊಡೀತಿದ್ದೆ. ಅವನಿಗೆ ಎರಡು ಬೆರಳಿರಲಿಲ್ಲ. ತೂತು ಯಾವಾಗಲೂ ಎಡಕ್ಕೇ ವಾಲೋದು. 'ಕುಡಿದು ಬಂದ್ಯೇನೋ ಮುಂಡೇದೇ' ಅಂತ ಹನ್ನೆರಡು ವರ್ಷ ಬೈದಿದ್ದೀನಿ. ಅವನೂ ಹೋದ, ಗಣೀನೂ ಹೋಯ್ತು. ಇದೊಂದು ಉಳಿದಿತ್ತು."

ಮುದುಕ ಕಲ್ಲನ್ನು ತಾನೇ ಕಪಾಟಿನಲ್ಲಿಟ್ಟು, ಗಾಜಿನ ಬಾಗಿಲು ಮೆಲ್ಲಗೆ ಮುಚ್ಚಿ ಹೋದ. ಮರುವರ್ಷ ಆಯುಧಪೂಜೆಗೆ ಬರಲಿಲ್ಲ. ಆ ದಿನ ವ್ಯಾಪಾರಿ ಸಂಜೆಯವರೆಗೆ ಕಾದ. ಕೊನೆಗೆ ಕಲ್ಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹಿಂಬದಿಗೆ ಹೆಬ್ಬೆರಳು ಒತ್ತಿ ನೋಡಿದ. ನುಣ್ಣಗಿತ್ತು.

ಕತೆ ಅಷ್ಟೇ. ನಾನು ನನ್ನ ನೂರಿಪ್ಪತ್ತು ಪುಟ ಎತ್ತಿಕೊಳ್ಳಲು ಕೈ ಚಾಚಿದೆ. ಊರಲ್ಲಿ ಮಾತಿಗೆ ಯಾರಿಗೂ ಸೋತವನಲ್ಲ ನಾನು. ಆದರೆ ಗುರುಗಳು ಕೇಳಿದ ಒಂದೇ ಒಂದು ಮಾತಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ:

"ಊಟಕ್ಕೆ ಕರೆಯುವಾಗ ನಿಮ್ಮಜ್ಜ ನಿನ್ನನ್ನು ಏನಂತ ಬೈಯುತ್ತಿದ್ದರಪ್ಪಾ?"